ದಾರಿ ಹೇಳಿದೆ, ನೀರಿನ ಮಾತು ಹೇಳಲಿಲ್ಲ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನನ್ನು ಸಾಧನೆಯ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾನು ನನ್ನದೊಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮಾಸ್ತರು ನಮ್ಮನ್ನು ಗೋಕರ್ಣಕ್ಕೆ ಕರೆದೊಯ್ದಿದ್ದರು. ದೇವರ ದರ್ಶನ ಮುಗಿಸಿ, ಓಂ ಬೀಚಿನಿಂದ ಗುಡ್ಡ ಹತ್ತಿಳಿದು, ಹಾಫ್ ಮೂನ್ ದಾಟಿ, ಬಂಡೆಗಳ ಮೇಲೆ ಹೆಜ್ಜೆಯಿಡುತ್ತ ಪ್ಯಾರಡೈಸ್ ಬೀಚ್ ತಲುಪಿದೆವು. ಅಲ್ಲಿಗೆ ನಡೆದೇ ಹೋಗಬೇಕು, ಇಲ್ಲವೇ ದೋಣಿ ಹಿಡಿಯಬೇಕು.

ಮಾಸ್ತರು ನೀರಿಗೆ ಇಳಿಯಗೊಡಲಿಲ್ಲ. "ಹತ್ತು ನಿಮಿಷ ಅಲೆ ನೋಡ್ರೋ" ಎಂದು ಬಂಡೆಯ ಮೇಲೆ ಕೂರಿಸಿದರು. ಎರಡೂ ಬದಿ ಅಲೆ ಒಡೆದು ನೊರೆ ಏಳುತ್ತಿತ್ತು. ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿತ್ತು. "ಎಲ್ಲಿ ಇಳಿಯುತ್ತೀರಿ?" ಎಂದು ಕೇಳಿದಾಗ ಎಲ್ಲರೂ ಶಾಂತ ನೀರನ್ನೇ ತೋರಿಸಿದೆವು. "ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು. ನಿಮ್ಮನ್ನೂ ಒಯ್ಯುತ್ತದೆ. ಸಿಕ್ಕಿಬಿದ್ದರೆ ದಡದತ್ತ ಈಜಿ ಸುಸ್ತಾಗಬೇಡಿ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬನ್ನಿ" ಎಂದರು.

ಹನ್ನೆರಡು ವರ್ಷಗಳ ನಂತರ ಆಫೀಸಿನ ಗೆಳೆಯರನ್ನು ಅದೇ ದಾರಿಯಲ್ಲಿ ಕರೆತಂದೆ. ನಮ್ಮೂರ ಕಡಲು ಎಂಬ ಹೆಮ್ಮೆಯಿಂದ ದಾರಿಯುದ್ದಕ್ಕೂ ಮಾತನಾಡಿದೆ. ನೀರಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಈಜುಕೊಳದಲ್ಲಿ ಚೆನ್ನಾಗಿ ಈಜುವ ಗೆಳೆಯನೊಬ್ಬ ಆ ಶಾಂತ ನೀರಿಗೇ ಇಳಿದ. ನೋಡನೋಡುತ್ತಿದ್ದಂತೆ ದೂರ ಹೋದ. ನನ್ನ ಬಾಯಿಂದ ಕೂಗೂ ಹೊರಡಲಿಲ್ಲ. ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಖಾಲಿ ಕ್ಯಾನಿಗೆ ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿ ಅವನನ್ನು ಎಳೆತಂದರು.

ಅವನು ಉಸಿರಾಡಿದ ಮೇಲೆ ಅವರು ನನ್ನ ಕಡೆ ತಿರುಗಿದರು. "ತಮ್ಮಾ, ನೀನು ಇಲ್ಲಿಯವನಲ್ವಾ? ಹೇಳ್ಬೇಕಿತ್ತು" ಎಂದರು. ಹಣ ಕೊಡಲು ಹೋದೆ, ಮುಟ್ಟಲಿಲ್ಲ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಯಲುಸೀಮೆಯ ಮಕ್ಕಳಿಗೆ ಸಮುದ್ರ ಹೊಸತು. ನಮಗೆ ಹೊಸತಲ್ಲ.

ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳೇ, ನಾಳೆ ನೀವೂ ದೂರದ ಊರುಗಳಿಗೆ ಹೋಗುತ್ತೀರಿ. ನಿಮ್ಮ ಗೆಳೆಯರು ಇಲ್ಲಿನ ಬೀಚುಗಳ ದಾರಿ ಕೇಳುತ್ತಾರೆ. ದಾರಿಯನ್ನು ಮೊಬೈಲೂ ತೋರಿಸುತ್ತದೆ. ಯಾವ ನೀರಿಗೆ ಇಳಿಯಬಾರದು, ಮಳೆಗಾಲದಲ್ಲಿ ಏಕೆ ದಡದಲ್ಲೇ ನಿಲ್ಲಬೇಕು ಎಂಬುದನ್ನು ನೀವು ಹೇಳಿ. ನಮ್ಮ ಮಾಸ್ತರು ಕಲಿಸಿದ ಆ ಹತ್ತು ನಿಮಿಷದ ಪಾಠವನ್ನು ನಾನು ಮರೆತಿದ್ದೆ. ನೀವು ಮರೆಯಬೇಡಿ.