ದಾಸೋಹ ಮತ್ತು ಒಂದು ನಲ್ಲಿಯ ಲೆಕ್ಕ

(ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಶರಣ ಬಂಧುಗಳ ಮಾಸಿಕ ಚಿಂತನಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

‘ಕೊಳಗೇರಿಯ ಮಕ್ಕಳು ಮತ್ತು ದಾಸೋಹ’ ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ನಾನು ವಚನ ಸಾಹಿತ್ಯದ ವಿದ್ವಾಂಸನಲ್ಲ. ನೀರು, ಚರಂಡಿ, ರಸ್ತೆ, ಕಟ್ಟಡ ಎಂದು ಮೂರು ದಶಕಕ್ಕೂ ಹೆಚ್ಚು ಕಾಲ ಅಂದಾಜುಪಟ್ಟಿ ಬರೆದು ನಿವೃತ್ತನಾದವನು. ಹಾಗಾಗಿ ಅಂದಾಜುಪಟ್ಟಿಯಿಂದಲೇ ಶುರು ಮಾಡುತ್ತೇನೆ, ಬೇಸರಿಸಬೇಡಿ.

ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಎಂಬುದೊಂದಿದೆ. ಅದರ 1999ರ ಆವೃತ್ತಿ ನಮ್ಮ ಕಾಲದ ಎಂಜಿನಿಯರುಗಳ ಮೇಜಿನ ಮೇಲೆ ಸದಾ ಇರುತ್ತಿತ್ತು. ಒಳಚರಂಡಿ ಇರುವ ನಗರದಲ್ಲಿ, ಮನೆಯೊಳಗೆ ನಲ್ಲಿ ಇರುವವರಿಗೆ ದಿನಕ್ಕೆ ತಲಾ 135 ಲೀಟರ್ ಎಂದು ಯೋಜನೆ ಮಾಡಬೇಕು ಎಂದು ಅದು ಹೇಳುತ್ತಿತ್ತು. ಬೀದಿ ನಲ್ಲಿಯಿಂದ ಹಿಡಿದುಕೊಳ್ಳುವವರಿಗೆ ತಲಾ 40 ಲೀಟರ್. ಹೊತ್ತು ತರುವವರು ಬಳಸುವುದೇ ಅಷ್ಟು ಎಂಬುದು ಅದರ ಹಿಂದಿನ ತರ್ಕ. ಐದು ಜನರ ಸಂಸಾರವಾದರೆ ಜಯಲಕ್ಷ್ಮಿಪುರಂನಲ್ಲಿ 675 ಲೀಟರ್, ಎರಡು ಮೈಲಿ ಆಚೆಯ ಕೇರಿಯಲ್ಲಿ 200 ಲೀಟರ್.

ಆ 200 ಲೀಟರಾದರೂ ಸಿಗುತ್ತದೆಯೇ ನೋಡಿ. ನಲವತ್ತು ಮನೆಗಳಿಗೆ ಒಂದು ನಲ್ಲಿ ಎಂದುಕೊಳ್ಳಿ. ನಿಮಿಷಕ್ಕೆ 10 ಲೀಟರ್ ಬರುತ್ತದೆ, ಬೆಳಗ್ಗೆ ಎರಡು ಗಂಟೆ ಬಿಡುತ್ತಾರೆ. ಒಟ್ಟು 1,200 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ 80 ಕೊಡ, ಮನೆಗೆ ಎರಡೇ ಕೊಡ. ಕೈಪಿಡಿ ಹೇಳಿದಷ್ಟನ್ನು ಪೂರ್ತಿ ಕೊಡಬೇಕಾದರೆ ಅದೇ ನಲ್ಲಿ ಹದಿಮೂರು ಗಂಟೆಗೂ ಹೆಚ್ಚು ಹೊತ್ತು ಸುರಿಯಬೇಕು. ಸುರಿಯುವುದಿಲ್ಲ. ಹಾಗಾದರೆ ಆ ಕೊರತೆಯನ್ನು ತುಂಬುವವರು ಯಾರು? ಸರದಿಯಲ್ಲಿ ನಿಲ್ಲುವವರು. ಇನ್ನೊಂದು ಕೇರಿಯ ನಲ್ಲಿಗೆ, ಟ್ಯಾಂಕರಿಗೆ, ಯಾರದೋ ಮನೆಯ ಬೋರ್‌ವೆಲ್ಲಿಗೆ ಕೊಡ ಹಿಡಿದು ಹೋಗುವವರು. ಅಪ್ಪ ಕಾಂಕ್ರೀಟು ಕೆಲಸಕ್ಕೆ ಹೊರಟಿರುತ್ತಾನೆ, ಅಮ್ಮ ಮನೆಗೆಲಸಕ್ಕೆ. ಉಳಿದವಳು ಹತ್ತು ಹನ್ನೆರಡು ವರ್ಷದ ಹುಡುಗಿ. ಅವಳು ಶಾಲೆಗೆ ತಡವಾಗಿ ಬರುತ್ತಾಳೆ ಎಂದು ಹಾಜರಿ ಪುಸ್ತಕ ಹೇಳುತ್ತದೆ. ಏಕೆ ತಡ ಎಂದು ಹೇಳುವ ಕಲಂ ಆ ಪುಸ್ತಕದಲ್ಲಿ ಇಲ್ಲ.

ಬಸವ ಜಯಂತಿಯ ದಿನ ಆ ಹುಡುಗಿಗೆ ನಾವು ಆರು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಲಾಡು ಕೊಟ್ಟು ಫೋಟೋ ತೆಗೆಸಿಕೊಂಡು ಬರುತ್ತೇವೆ. ಕೊಡಬಾರದು ಎಂದಲ್ಲ, ನೋಟ್‌ಬುಕ್ಕು ಬೇಕೇ ಬೇಕು. ಆದರೆ ಅದು ದಾನ. ದಾಸೋಹ ಬೇರೆ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ, ಪಡೆಯುವವನ ಅಗತ್ಯವೇ ಒಡೆಯ. ಒಡೆಯನಿಗೆ ಏನು ಬೇಕು ಎಂದು ದಾಸ ಹೋಗಿ ಕೇಳಬೇಕಲ್ಲವೇ? ಅಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದ ಪ್ರಸಂಗ ನಿಮಗೆಲ್ಲ ಗೊತ್ತು. ಅದನ್ನು ನಾವು ನಿರಾಸೆಯ ಕಥೆ, ಅಂದರೆ ಆಸೆ ಬಿಟ್ಟವರ ಕಥೆ ಎಂದು ಹೇಳುತ್ತೇವೆ. ನನಗೆ ಅದು ಅಳತೆಯ ಕಥೆಯಾಗಿಯೂ ಕಾಣುತ್ತದೆ. ಲಕ್ಕಮ್ಮನಿಗೆ ತನ್ನ ಮನೆಗೆ ಎಷ್ಟು ಬೇಕು ಎಂಬುದು ಗೊತ್ತಿತ್ತು. ನಮಗೆ ನಮ್ಮ ಪಕ್ಕದ ಕೇರಿಗೆ ಏನು ಎಷ್ಟು ಬೇಕು ಎಂಬುದು ಗೊತ್ತಿಲ್ಲ.

ನಮ್ಮ ಮಠಗಳು ಈ ಕೆಲಸವನ್ನು ತಮ್ಮ ಕಾಲಕ್ಕೆ ತಕ್ಕಂತೆ ಮಾಡಿವೆ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ಆರಂಭಿಸಿದರು, 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಕಟ್ಟಿದರು. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಒಟ್ಟಿಗೆ ಸಿಕ್ಕಿತು. ಈ ಸಭೆಯಲ್ಲಿ ಕೂತಿರುವ ತಲೆನರೆತವರಲ್ಲಿ ಅರ್ಧ ಜನ ಯಾವುದಾದರೊಂದು ಮಠದ ಪ್ರಸಾದ ನಿಲಯದ ಸಾರು ಉಂಡವರೇ. ನಾನೂ ಅವರಲ್ಲೊಬ್ಬ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಂದಿನ ಸಮಸ್ಯೆ ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದರೆ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ ಎಂಬುದು. ಅದಕ್ಕೆ ವಿದ್ಯಾರ್ಥಿನಿಲಯ ಸರಿಯಾದ ಉತ್ತರ. ಕೊಳಗೇರಿಯ ಮಗು ಈಗಾಗಲೇ ಪಟ್ಟಣದಲ್ಲಿದೆ. ತಂದೆ ತಾಯಿ, ತಂಗಿ ತಮ್ಮ ಎಲ್ಲರೊಂದಿಗೆ ಇದೆ. ಅದನ್ನು ಅಲ್ಲಿಂದ ಕಿತ್ತು ನಿಲಯಕ್ಕೆ ಸೇರಿಸಿದರೆ ತಮ್ಮನನ್ನು ನೋಡುವವರಿಲ್ಲ, ನೀರು ಹಿಡಿಯುವವರಿಲ್ಲ, ತಾಯಿ ಒಪ್ಪುವುದಿಲ್ಲ. ಆದ್ದರಿಂದ ದಾಸೋಹವೇ ಆ ಕೇರಿಗೆ ನಡೆದು ಹೋಗಬೇಕು.

ಹಾಗೆ ನಡೆದು ಹೋಗುವ ಒಂದು ಸಣ್ಣ ಕೆಲಸದಲ್ಲಿ ನಾವು ಐದಾರು ಜನ ನಿವೃತ್ತರು ಇದ್ದೇವೆ. ಒಬ್ಬರು ತಾಲ್ಲೂಕು ಕಚೇರಿಯಲ್ಲಿದ್ದವರು, ಒಬ್ಬರು ಬ್ಯಾಂಕಿನವರು, ಇಬ್ಬರು ಶಿಕ್ಷಕಿಯರು. ಸಂಜೆ ಐದೂವರೆಯಿಂದ ಏಳರವರೆಗೆ ಪಾಠ, ಭಾನುವಾರ ಕಾಗದಪತ್ರದ ಕೆಲಸ. ಹೆಸರಿಲ್ಲ, ಫಲಕವಿಲ್ಲ. ಪಾಠವೇ ಮುಖ್ಯ ಎಂದುಕೊಂಡು ಹೋಗುವವರು ಒಂದು ತಿಂಗಳಲ್ಲಿ ಕಾಗದಪತ್ರದ ಭಾನುವಾರಕ್ಕೆ ಬರುತ್ತಾರೆ. ಏಕೆಂದರೆ ಆ ಮಕ್ಕಳಿಗೆ ಕಾನೂನು ಕೊಟ್ಟಿರುವುದು ಬಹಳ, ತಲುಪಿರುವುದು ಸ್ವಲ್ಪ. ನಡುವೆ ನಿಂತಿರುವುದು ಒಂದು ಅರ್ಜಿ.

ಒಂದು ಉದಾಹರಣೆ. ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರ. ಹನ್ನೊಂದು ವರ್ಷದ ಮಗಳು, ಊರಿನ ಶಾಲೆಯಿಂದ ಟಿ.ಸಿ. ತಂದಿಲ್ಲ. ಹತ್ತಿರದ ಒಂದು ಶಾಲೆಯಲ್ಲಿ ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದರು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತದೆ? ಟಿ.ಸಿ. ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ, ಅದು 5ನೇ ಪ್ರಕರಣ. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಅದು 14ನೇ ಪ್ರಕರಣ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು, ಅದು 4ನೇ ಪ್ರಕರಣ. ಈ ಮೂರನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಅರ್ಜಿಗೆ ಲಗತ್ತಿಸಿ, ಸ್ವೀಕೃತಿ ಮೊಹರು ಕೇಳಿದೆವು. ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ, ಅವರಿಗೂ ಯಾರಾದರೂ ಬರೆದು ಕೊಟ್ಟರೆ ಧೈರ್ಯ. ಹುಡುಗಿ ಸೇರಿದಳು. ಅದೇ ಸಾಲಿನ ಇನ್ನೊಂದು ಗುಡಿಸಲಿನ ಹುಡುಗನ ಅರ್ಜಿ ತಯಾರಾಗುವಷ್ಟರಲ್ಲಿ ಮೇಸ್ತ್ರಿ ಆ ಸಂಸಾರವನ್ನು ಬೇರೆ ಸೈಟಿಗೆ ಕರೆದುಕೊಂಡು ಹೋಗಿದ್ದ. ಎಲ್ಲಿಗೆ ಎಂದು ಇಂದಿಗೂ ತಿಳಿಯಲಿಲ್ಲ. ಆ ಅರ್ಜಿ ನನ್ನ ಫೈಲಿನಲ್ಲೇ ಇದೆ.

ಜನನ ಪ್ರಮಾಣಪತ್ರದ್ದು ಇನ್ನೊಂದು ಕಥೆ. ಮಗು ಹುಟ್ಟಿ 21 ದಿನದೊಳಗೆ ನೋಂದಾಯಿಸಿದರೆ ಖರ್ಚಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶಕ್ಕೂ ಮುಂದಿನ ಅನೇಕ ಕೆಲಸಗಳಿಗೂ ಈ ಪತ್ರವೇ ಆಧಾರ. ಆ ಮಕ್ಕಳು ಶಾಲೆಯ ಬಾಗಿಲಿಗೆ ಬರುವ ಹೊತ್ತು ಹತ್ತಿರವಾಗುತ್ತಿದೆ. ಈಗಲೇ ಗುಡಿಸಲು ಗುಡಿಸಲಿಗೆ ಹೋಗಿ ಕೇಳಿ ಬರೆದುಕೊಳ್ಳದಿದ್ದರೆ ಆಗ ಮಠಗಳು ಎಷ್ಟು ನೋಟ್‌ಬುಕ್ಕು ಕೊಟ್ಟರೂ ಅದು ದಡ ಸೇರಿಸುವುದಿಲ್ಲ.

ಎಂಜಿನಿಯರುಗಳಿಗೂ ಕಂಟ್ರಾಕ್ಟರುಗಳಿಗೂ ಒಂದು ಮಾತು, ಇಲ್ಲಿ ಬಹಳ ಜನ ಇದ್ದೀರಿ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಾಮಗಾರಿಯ ವೆಚ್ಚದ ಮೇಲೆ ಶೇಕಡಾ 1 ಸೆಸ್ ಇದೆ. ಅದನ್ನು ಎಷ್ಟು ಬಿಲ್ಲುಗಳಲ್ಲಿ ಕಡಿತ ಮಾಡಿದ್ದೇನೋ ನನಗೇ ನೆನಪಿಲ್ಲ. ಆ ಹಣ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ನೋಂದಾಯಿತ ಕಾರ್ಮಿಕನ ಮಕ್ಕಳ ಓದಿಗೆ ಸಹಾಯಧನವೂ ಅದರಿಂದಲೇ. ನೋಂದಣಿಗೆ ಏನು ಬೇಕು? 18ರಿಂದ 60ರ ಒಳಗಿನ ವಯಸ್ಸು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ. ಮೇಸ್ತ್ರಿ ಇದನ್ನು ಬರೆದುಕೊಡುವುದಿಲ್ಲ, ಬರೆದರೆ ತನ್ನ ಮೇಲೆ ಏನು ಬರುತ್ತದೋ ಎಂಬ ಭಯ. ಹಣ ಮಂಡಳಿಯಲ್ಲಿ, ಮಗು ಜಲ್ಲಿ ರಾಶಿಯ ಮೇಲೆ. ನಿಮ್ಮ ಸೈಟಿನಲ್ಲಿ ನಿಜವಾಗಿ ದುಡಿದವನಿಗೆ ಆ 90 ದಿನದ ಸಹಿ ಹಾಕಿಕೊಡಿ. ದುಡಿಯದವನಿಗೆ ಹಾಕಬೇಡಿ, ಅದು ಇನ್ನೊಬ್ಬ ಕಾರ್ಮಿಕನ ಹಣ.

ಕೇರಿಗೂ ವಿಳಾಸ ಬೇಕು. 1973ರ ಕೊಳಗೇರಿ ಕಾಯ್ದೆಯ 3ನೇ ಪ್ರಕರಣದಡಿ ಘೋಷಣೆಯಾದ ಪ್ರದೇಶಕ್ಕೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ನೀರು, ದೀಪ, ಶೌಚಾಲಯ, ಮನೆ ಬರುವ ದಾರಿ ಇದೆ. ಘೋಷಣೆಯಾಗದ ಗುಡಿಸಲುಗಳು ಕಡತದ ಲೆಕ್ಕಕ್ಕೆ ಇಲ್ಲವೇ ಇಲ್ಲ. 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಮಾಡಿಕೊಂಡ ಊರು ನಮ್ಮದು, ಅಗಲ ರಸ್ತೆಗಳ ಹೆಮ್ಮೆ ನಮಗಿದೆ. ಆ ರಸ್ತೆ, ಆ ಬಡಾವಣೆ ಕಟ್ಟಲು ಬಂದವರು ರಾತ್ರಿ ಎಲ್ಲಿ ಮಲಗಿದರು ಎಂಬುದನ್ನು ಯಾವ ನಕ್ಷೆಯಲ್ಲೂ ಗುರುತು ಮಾಡುವುದಿಲ್ಲ. ನಾನು ನಕ್ಷೆ ಬರೆದವನೇ, ಗೊತ್ತಿದ್ದು ಹೇಳುತ್ತಿದ್ದೇನೆ.

ಸರ್ಕಾರದ ಕೆಲಸ ಸರ್ಕಾರ ಮಾಡಲಿ, ಮಠಕ್ಕೇಕೆ ಎಂದು ಕೇಳುವವರಿದ್ದಾರೆ. ಸರ್ಕಾರಿ ಶಾಲೆಯ ಬಿಸಿಯೂಟ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾದಾಗ ಸರ್ಕಾರ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಹೆಸರು ನಮ್ಮ ಶರಣರದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಮೊದಲು ಬಂದದ್ದು ನಮ್ಮ ಪಕ್ಕದ ತಿ. ನರಸೀಪುರಕ್ಕೆ. ಐವತ್ತು ವರ್ಷಗಳ ಮೇಲೂ ಅಂಗನವಾಡಿಯ ಮೂರು ವರ್ಷ ಮೇಲ್ಪಟ್ಟ ಮಗುವಿಗೆ ಮಾತ್ರ ಕೂತು ಆಡುವ ಜಾಗವಿದೆ. ಅದಕ್ಕಿಂತ ಚಿಕ್ಕ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಎತ್ತಿಕೊಳ್ಳುವ ಕೈ ಬರುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಗಿದೆ, ಬಹಳ ಒಳ್ಳೆಯದು. ಪಟ್ಟಣದ ಕೇರಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕೂಸನ್ನು ಎತ್ತಿಕೊಳ್ಳುವವಳು ಅಕ್ಕ. ನೀರಿನ ಸರದಿಯಲ್ಲಿ ಕಂಡೆವಲ್ಲ, ಅದೇ ಹುಡುಗಿ, ಈಗ ಸೊಂಟದ ಮೇಲೆ ಕೂಸು.

ಮತ್ತು ಆ ಹೊತ್ತಿನಲ್ಲಿ ಅವಳ ತಾಯಿ ಎಲ್ಲಿರುತ್ತಾಳೆ? ನಮ್ಮ ಅಡುಗೆಮನೆಯಲ್ಲಿ. ಏಳು ಗಂಟೆಯೊಳಗೆ ಪಾತ್ರೆ ಬೆಳಗಿ, ಅಂಗಳ ಸಾರಿಸಿ ಆಗಬೇಕು ಎಂದು ನಾವೇ ಹೊತ್ತು ಗೊತ್ತು ಮಾಡಿದ್ದೇವೆ. ತಾಯಂದಿರೇ, ಅಪ್ಪಗಳೇ, ಇದಕ್ಕೆ ಸರ್ಕಾರ ಬೇಡ, ಯೋಜನೆ ಬೇಡ. ನಿಮ್ಮ ಮನೆಗೆ ಬರುವವಳಿಗೆ, ಮಗಳನ್ನು ಶಾಲೆಗೆ ಬಿಟ್ಟು ಹತ್ತು ಗಂಟೆಗೆ ಬಾ ಎಂದು ಹೇಳಲು ಸಾಧ್ಯವೇ? ಒಂದು ಹೊತ್ತು ಬರದಿದ್ದರೆ ಸಂಬಳ ಹಿಡಿಯುವುದನ್ನು ಬಿಡಲು ಸಾಧ್ಯವೇ? ಮಗಳು ಎಷ್ಟನೇ ತರಗತಿ ಎಂದು ಗೊತ್ತೇ? ಇದು ಪ್ರವಚನದ ಪ್ರಶ್ನೆಯಲ್ಲ, ಮನೆಗೆ ಹೋಗಿ ಉತ್ತರ ಹುಡುಕಬಹುದಾದ ಪ್ರಶ್ನೆ.

‘ಅವರು ಕುಡಿಯುತ್ತಾರೆ, ಎಷ್ಟು ಮಾಡಿದರೂ ಅಷ್ಟೇ’ ಎಂಬ ಮಾತೂ ಬರುತ್ತದೆ. ಕುಡಿಯುತ್ತಾರೆ, ನಿಜ. ಸಂಜೆ ಪಾಠಕ್ಕೆ ಹೋದಾಗ ಕಣ್ಣಿಗೆ ಬೀಳುತ್ತದೆ, ಜಗಳವೂ ಕೇಳುತ್ತದೆ. ಆದರೆ ಕುಡಿಯುವವನು ಅಪ್ಪ, ಪುಸ್ತಕ ಹಿಡಿದವನು ಮಗ. ಅಪ್ಪನ ತಪ್ಪಿಗೆ ಮಗನ ಅರ್ಜಿ ತಡೆಹಿಡಿಯುವ ನಿಯಮ ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. ಅನೇಕ ಕೇರಿಗಳು ಪೌರಕಾರ್ಮಿಕರವು, ಚರ್ಮದ ಕೆಲಸದವರವು. ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ, ಬೀದಿ ಗುಡಿಸುವ ಕಾಯಕದ ಸತ್ಯಕ್ಕ, ಇವರ ಹೆಸರು ಹೇಳದೆ ನಮ್ಮ ಯಾವ ಸಭೆಯೂ ಮುಗಿಯುವುದಿಲ್ಲ. ಆದರೆ ಆ ಕೇರಿಗೆ ಹೋದವರು ಹೊರಗೆ ನಿಂತೇ ಕೊಟ್ಟು ಬರುವುದನ್ನು ನೋಡಿದ್ದೇನೆ. ಮನೆಯೊಳಗೆ ಕೂತು ಅವರು ಕೊಟ್ಟ ನೀರು ಕುಡಿದ ಮೇಲೆಯೇ ಆ ತಾಯಿ ತನ್ನ ಪೆಟ್ಟಿಗೆಯ ಕಾಗದಗಳನ್ನು ತೆಗೆದು ತೋರಿಸುವುದು. ಇದು ಅನುಭವದ ಮಾತು. ಆ ನೀರು ಎಷ್ಟು ದೂರದಿಂದ ಬಂದದ್ದು ಎಂಬ ಲೆಕ್ಕ ಆಗಲೇ ಒಪ್ಪಿಸಿದ್ದೇನೆ.

ಈಗ ಕೆಲಸದ ವಿಚಾರ. ನಮಗೆ ಹಣಕ್ಕಿಂತ ಜನ ಬೇಕು. ಕಂದಾಯ, ಶಿಕ್ಷಣ, ಕಾರ್ಮಿಕ ಇಲಾಖೆಗಳಲ್ಲಿ ದುಡಿದು ನಿವೃತ್ತರಾದವರು, ಯಾವ ಮೇಜಿಗೆ ಯಾವ ಅರ್ಜಿ ಎಂದು ತಿಳಿದವರು ಬನ್ನಿ. ಮೊದಲ ಮೂರು ಭಾನುವಾರ ಸುಮ್ಮನೆ ಕೇಳಿಸಿಕೊಂಡು ಬರೆದುಕೊಳ್ಳಿ, ಸಲಹೆ ಕೊಡಬೇಡಿ. ಮಠದ ಶಾಲೆಗಳ ಕೊಠಡಿಗಳು ಸಂಜೆ ಖಾಲಿ ಇರುತ್ತವೆ. ಕೇರಿಗೆ ಹತ್ತಿರವಿರುವ ಒಂದೆರಡನ್ನು ದೀಪ ಸಹಿತ ಏಳೂವರೆಯವರೆಗೆ ತೆರೆದಿಡುವಂತೆ ಪೂಜ್ಯರಲ್ಲಿ ಈ ವೇದಿಕೆಯಿಂದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಒಂದು ಕೇರಿಗೆ ಎರಡನೆಯ ನಲ್ಲಿ ಬೇಕೆಂದು ಅರ್ಜಿ ಹೋಗಿದೆ, ಸ್ವೀಕೃತಿ ಕೈಯಲ್ಲಿದೆ, ಉತ್ತರ ಬಂದಿಲ್ಲ. ಬರುವ ಸೋಮವಾರ ಹನ್ನೊಂದು ಗಂಟೆಗೆ ಆ ಕೇರಿಯ ಹೆಣ್ಣುಮಕ್ಕಳು ವಿಚಾರಿಸಲು ಕಚೇರಿಗೆ ಹೋಗುತ್ತಾರೆ. ಜೊತೆಗೆ ಹೋಗಿ ಬೆಂಚಿನ ಮೇಲೆ ಕೂರಲು ನಾಲ್ಕು ಜನ ಬೇಕು. ಬರುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿ ನನಗೆ ಹೆಸರು ಕೊಡಿ.