ಕೀಟನಾಶಕ ಹೂವಿಗೆ ಬೇಕಾದ ಹವೆ



ಪೀಣ್ಯ ದಾಟಿ ನೆಲಮಂಗಲದ ಕಡೆ ಹೂ ಬೆಳೆಯುವವರಿಗೆ ಸೇವಂತಿಗೆ ಹೊಸದಲ್ಲ. ಅದರ ಬಳಗಕ್ಕೇ ಸೇರಿದ ಪೈರೆಥ್ರಮ್ ಗಿಡದ ಬಿಳಿ ಹೂವಿನಿಂದ ಪೈರೆಥ್ರಿನ್ ಎಂಬ ಕೀಟನಾಶಕ ದೊರೆಯುತ್ತದೆ. ಸೇವಂತಿಗೆ ಬರುವ ಭೂಮಿಯಲ್ಲಿ ಇದೂ ಬಾರದೇ ಎಂಬ ಪ್ರಶ್ನೆ ಸಹಜ. ಗಿಡವೇನೋ ಬೆಳೆದೀತು, ಹೂ ಬಿಡುವುದು ಕಷ್ಟ.

ಹಗಲು ಚಿಕ್ಕದಾದಾಗ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಪೈರೆಥ್ರಮ್‌ಗೆ ಚಳಿಯೇ ಬೇಕು. ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಕೆಲವು ದಿನಗಳಾದರೂ ಸಿಗಬೇಕು. ಆಮೇಲೆ ಸೆಕೆ ಹೆಚ್ಚಿದರೆ ಆ ಚಳಿಯ ಪ್ರಯೋಜನ ಕುಂದುತ್ತದೆ. ಕೀನ್ಯಾದಲ್ಲಿ ಇದನ್ನು 1,800 ಮೀಟರಿಗೂ ಮೇಲಿನ ಪ್ರದೇಶದಲ್ಲಿ ಬೆಳೆಯುವುದು ಇದಕ್ಕಾಗಿಯೇ. ನಮ್ಮ ದೇಶದಲ್ಲಿ ಕಾಶ್ಮೀರ, ನೀಲಗಿರಿಗಳು ಇದಕ್ಕೆ ಒಗ್ಗಿದವು. ಬೆಂಗಳೂರಿನ ಎತ್ತರ ಸುಮಾರು 900 ಮೀಟರ್ ಮಾತ್ರ. ಇಲ್ಲಿ ಮಾಗಿಯ ರಾತ್ರಿ ತಂಪಾದರೂ ಹಗಲು ಬಿಸಿಲೇರುತ್ತದೆ.

ಹೂ ಬಂದರೂ ಕೆಲಸ ಮುಗಿಯದು. ಪೈರೆಥ್ರಿನ್‌ನ ಬಹುಪಾಲು ಇರುವುದು ದಳದಲ್ಲಲ್ಲ, ಹೂವಿನ ನಡುವಿನ ಎಳೆ ಬೀಜದಲ್ಲಿ. ಮೊಗ್ಗಿನಲ್ಲೇ ಕೊಯ್ದರೆ ಸತ್ವ ಕಡಿಮೆ. ಬಿಸಿಲು ಈ ಸತ್ವವನ್ನು ಕೆಡಿಸುವುದರಿಂದ ಹೂವನ್ನು ನೆರಳಿನಲ್ಲಿ ಒಣಗಿಸಬೇಕು. ಬೇರಿನಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ.

ಆದುದರಿಂದ ಸಸಿ ಮಾರುವವರ ಮಾತಿಗೆ ಮರುಳಾಗಿ ಎಕರೆಗಟ್ಟಲೆ ನೆಡಬೇಡಿ. ಆಸಕ್ತಿಯಿದ್ದವರು ಹತ್ತಾರು ಸಸಿ ನೆಟ್ಟು ಒಂದು ವರ್ಷ ಹೂವನ್ನು ಎಣಿಸಿ ನೋಡಲಿ. ಸ್ವಂತ ಹೊಲದ ಕೀಟಕ್ಕೆ ಬೇವು ನಮ್ಮಲ್ಲೇ ಇದೆ: ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿ ನೆನೆಸಿ, ಮರುದಿನ ಸೋಸಿ, ಸಂಜೆ ಸಿಂಪಡಿಸಿ.