ಬರಿದಾದ ಸಮಾಧಿ, ನಾಲ್ಕು ಬೆಳಗು

ಯೇಸುವಿನ ಸಮಾಧಿ ಬರಿದಾಗಿತ್ತು ಎನ್ನುವಲ್ಲಿ ನಾಲ್ಕೂ ಸುವಾರ್ತೆಗಳದ್ದು ಒಂದೇ ಮಾತು. ಅದನ್ನು ಮೊದಲು ಕಂಡವರಲ್ಲಿ ಮಗ್ದಲದ ಮರಿಯಳಿದ್ದಳು ಎನ್ನುವಲ್ಲಿಯೂ ಅಷ್ಟೇ. ಅಲ್ಲಿಂದಾಚೆಗೆ ವಿವರಗಳು ಕವಲೊಡೆಯುತ್ತವೆ. ಮಾರ್ಕನಲ್ಲಿ ಮೂವರು ಹೆಂಗಸರು ಸುಗಂಧದ್ರವ್ಯ ಹಿಡಿದು, ಬಾಗಿಲಿನ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೋ ಎಂದು ಚಿಂತಿಸುತ್ತ ನಡೆಯುತ್ತಾರೆ. ಒಳಗೆ ಬಲಗಡೆ ಬಿಳಿಯುಡುಪಿನ ತರುಣನೊಬ್ಬ ಕುಳಿತಿದ್ದಾನೆ. ಮತ್ತಾಯನಲ್ಲಿ ಭೂಮಿ ನಡುಗುತ್ತದೆ, ದೇವದೂತ ಕಲ್ಲನ್ನು ಉರುಳಿಸಿ ಅದರ ಮೇಲೇ ಕೂರುತ್ತಾನೆ. ಲೂಕನಲ್ಲಿ ಹೊಳೆಯುವ ಬಟ್ಟೆಯ ಇಬ್ಬರು. ಯೋಹಾನನಲ್ಲಿ ಮರಿಯಳು ಇನ್ನೂ ಕತ್ತಲಿರುವಾಗಲೇ ಬರುತ್ತಾಳೆ. ಆಮೇಲೆ ಎದುರು ನಿಂತ ಯೇಸುವನ್ನೇ ತೋಟದವನೆಂದುಕೊಳ್ಳುತ್ತಾಳೆ.

ನನ್ನನ್ನು ಹೆಚ್ಚು ಕಾಡುವವನು ಮಾರ್ಕ. 4ನೆಯ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ ಅವನ ಕಥೆ, ಹೆಂಗಸರು ಹೆದರಿ ಓಡಿಹೋಗಿ ಯಾರಿಗೂ ಏನೂ ಹೇಳದೆ ಉಳಿಯುವಲ್ಲಿಗೇ ನಿಂತುಬಿಡುತ್ತದೆ. ಅಂಥ ಕಡೆ ಲೇಖನಿ ಕೆಳಗಿಡಲು ಎಂಟೆದೆ ಬೇಕು! ಮುಂದಿನ ಹನ್ನೆರಡು ವಚನಗಳು ಆಮೇಲೆ ಸೇರಿದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

ಈ ವ್ಯತ್ಯಾಸಗಳು ಹಿಂದಿನವರಿಗೂ ಗೊತ್ತಿದ್ದವು. 2ನೆಯ ಶತಮಾನದಲ್ಲಿ ತಾತಿಯಾನ್ ಎಂಬಾತ ನಾಲ್ಕನ್ನೂ ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾದ ಚರ್ಚುಗಳಲ್ಲಿ ಬಹುಕಾಲ ಅದನ್ನೇ ಓದುತ್ತಿದ್ದರು. 5ನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟ್ ತನ್ನ ಪ್ರಾಂತದ ಚರ್ಚುಗಳಿಂದ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಆ ಜಾಗದಲ್ಲಿ ನಾಲ್ಕು ಬೇರೆ ಬೇರೆ ಸುವಾರ್ತೆಗಳನ್ನೇ ಇರಿಸಿದ.